ಅಂಗಡಿಯ ಚೀಟಿ ಮತ್ತು ನಿನ್ನ ಆ್ಯಪ್: ಮಗಳಿಗೊಂದು ಪತ್ರ

ಬದಿಯಡ್ಕ, ಕಾಸರಗೋಡು ಜಿಲ್ಲೆ, ಕೇರಳ,
ಆಟಿ ತಿಂಗಳು

ಪ್ರೀತಿಯ ಮಗಳಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಬಿಡುವು ಕೊಡದೆ ಸುರಿಯುತ್ತಿದೆ. ನೀನು ಕಳುಹಿಸಿದ ಯೋಜನೆಯನ್ನು ರಾತ್ರಿ ಅಂಗಡಿ ಮುಚ್ಚಿದ ಮೇಲೆ ನಿಧಾನವಾಗಿ ಓದಿದೆ, ಅಮ್ಮನಿಗೂ ಓದಿ ಹೇಳಿದೆ. ಕಡಿಮೆ ಖರ್ಚಿನಲ್ಲಿ ಆರೋಗ್ಯಕರ ಊಟ ಹೇಗೆಂದು ವಾರವಾರ ಪಟ್ಟಿ ಹಾಕಿಕೊಡುವ ಆ್ಯಪ್, ತಿಂಗಳಿಗೆ 99 ರೂಪಾಯಿ ಚಂದಾ, ಅದಕ್ಕಾಗಿ ಬೆಂಗಳೂರಿನ ಕೆಲಸ ಬಿಡುವ ಆಲೋಚನೆ. ಫೋನಿನಲ್ಲಿ ಹೇಳಲು ಹೊರಟರೆ ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಇಂಥದ್ದೊಂದು ನಿನ್ನ ತಲೆಯಲ್ಲಿ ಹುಟ್ಟಿತಲ್ಲ ಎಂದು ನನಗೆ ತುಂಬಾ ಸಂತೋಷವಾಗಿದೆ. ಆದರೆ ನೀನು ಬರೆದಿರುವ ರೂಪದಲ್ಲಿ ಇದು ನಡೆಯುವುದಿಲ್ಲ. ಇದರ ಅಗತ್ಯ ಯಾರಿಗೆ ಹೆಚ್ಚಾಗಿದೆಯೋ ಅವರಿಗೆ ಚಂದಾ ಕೊಡುವ ಶಕ್ತಿಯಿಲ್ಲ. ಶಕ್ತಿ ಇರುವವರಿಗೆ ಬೇಕಾದದ್ದು ಇದರಲ್ಲಿ ಇನ್ನೂ ಸೇರಿಲ್ಲ.

ಸಂಜೆ ಆರರ ಹೊತ್ತಿಗೆ ಅಂಗಡಿಗೆ ಬರುವವರನ್ನು ನೀನು ಚಿಕ್ಕಂದಿನಿಂದಲೂ ನೋಡಿದ್ದೀ. ಅಡಿಕೆ ತೋಟದ ಕೆಲಸ ಮುಗಿಸಿ, ಅಂದಿನ ಸಂಬಳ ಹಿಡಿದುಕೊಂಡು ನೇರ ಇಲ್ಲಿಗೇ ಬರುತ್ತಾರೆ. ಮೊನ್ನೆ ಒಬ್ಬ ಹೆಂಗಸು ಕೊಟ್ಟ ಚೀಟಿ ಹೀಗಿತ್ತು: ತೊಗರಿಬೇಳೆ ಕಾಲು ಕಿಲೋ, ತೆಂಗಿನೆಣ್ಣೆ ನೂರು ಗ್ರಾಂ, ನೀರುಳ್ಳಿ ಅರ್ಧ ಕಿಲೋ, ಚಹಾಪುಡಿ ಹತ್ತು ರೂಪಾಯಿಯದ್ದು, ಬಿಸ್ಕತ್ತು ಎರಡು ಪ್ಯಾಕೆಟ್, ಮಿಕ್ಸ್‌ಚರ್ ಒಂದು. ಲೆಕ್ಕ ಹೇಳಿದಾಗ ಹಣ ಸಾಲಲಿಲ್ಲ. ಆಕೆ ಸ್ವಲ್ಪ ಯೋಚಿಸಿ ಬೇಳೆಯ ಕಟ್ಟನ್ನು ನನ್ನತ್ತ ಸರಿಸಿದಳು, ಬಿಸ್ಕತ್ತನ್ನು ಇಟ್ಟುಕೊಂಡಳು. ಶಾಲೆಯಿಂದ ಬಂದ ಮಕ್ಕಳು ಮನೆಯಲ್ಲಿ ಕಾಯುತ್ತಿರುತ್ತಾರೆ, ಬರಿಗೈಯಲ್ಲಿ ಹೋಗಲು ಯಾವ ತಾಯಿಗೂ ಮನಸ್ಸಾಗುವುದಿಲ್ಲ. ಬೇಳೆಯನ್ನು ನಾನು ಕಡ ಬರೆದು ಕೊಟ್ಟೆ, ಅದಿರಲಿ. ನಿನ್ನ ಯೋಜನೆಯಲ್ಲಿ 'ಮಿತವ್ಯಯದ ಕುಟುಂಬ' ಎಂದು ಬರೆದಿದ್ದೀಯಲ್ಲ, ಆ ಕುಟುಂಬ ಇದು. ನಿನ್ನ ಪಟ್ಟಿಯ ಪ್ರಕಾರ ಭಾನುವಾರ ಆಕೆ ಒಂದು ವಾರದ ಸಾಮಾನನ್ನು ಒಟ್ಟಿಗೆ ಕೊಳ್ಳಬೇಕು. ಒಟ್ಟಿಗೆ ಕೊಂಡರೆ ಅಗ್ಗ ಎಂಬುದು ನಿಜ. ಆದರೆ ದಿನಗೂಲಿಯಲ್ಲಿ ಬದುಕುವವರ ಕೈಗೆ ವಾರದ ಹಣ ಭಾನುವಾರವೇ ಬರುವುದಿಲ್ಲ.

ಎರಡನೆಯದು, ಪಟ್ಟಿಯ ಒಳಗಿನ ಲೆಕ್ಕ. ನೀನು ಆಧಾರವಾಗಿ ಇಟ್ಟುಕೊಂಡಿರುವುದು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ. ಸರಿಯಾದದ್ದನ್ನೇ ಆರಿಸಿದ್ದೀ. ಅದರಲ್ಲಿ ಒಬ್ಬರಿಗೆ ಹೇಳಿದ 2000 ಕ್ಯಾಲೊರಿಯ ಊಟದಲ್ಲಿ ದಿನಕ್ಕೆ ಧಾನ್ಯ 250 ಗ್ರಾಂ, ತರಕಾರಿ 400, ಹಣ್ಣು 100, ಬೇಳೆಕಾಳು ಅಥವಾ ಮೊಟ್ಟೆ, ಮೀನು, ಮಾಂಸ ಸೇರಿ 85, ಬೀಜಗಳು 35, ಎಣ್ಣೆ 27 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ. ಇದನ್ನು ನಾಲ್ಕು ಜನರಿಗೆ, ಮೂವತ್ತು ದಿನಕ್ಕೆ ಗುಣಿಸಿ ನೋಡಿದೆ. ತರಕಾರಿಯೇ 48 ಕಿಲೋ, ಹಾಲು 36 ಲೀಟರ್. ತರಕಾರಿಗೆ ಸರಾಸರಿ 40 ರೂಪಾಯಿ, ಹಾಲಿಗೆ 56 ರೂಪಾಯಿ ಎಂದು ಹಿಡಿದರೂ ಈ ಎರಡಕ್ಕೇ ಹತ್ತಿರ ಹತ್ತಿರ 4,000 ರೂಪಾಯಿ ಬೇಕು. ಕೇಂದ್ರ ಸರಕಾರದ 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ತಲಾ ತಿಂಗಳ ಖರ್ಚು 4,122 ರೂಪಾಯಿ, ಅದರಲ್ಲಿ ಆಹಾರಕ್ಕೆ ಹೋಗುವುದು ಶೇ. 47. ಅಂದರೆ ನಾಲ್ವರ ಮನೆಯ ಆಹಾರದ ಖರ್ಚು ಸುಮಾರು 7,750. ಅರ್ಧ ಹಣ ತರಕಾರಿಗೂ ಹಾಲಿಗೂ ಹೋಯಿತು, ಅಕ್ಕಿ, ಬೇಳೆ, ಎಣ್ಣೆ, ಮೀನು ಎಲ್ಲ ಇನ್ನೂ ಬಾಕಿ. ಕೇರಳದಲ್ಲಿ ಜನರ ಖರ್ಚು ದೇಶದ ಸರಾಸರಿಗಿಂತ ಹೆಚ್ಚು, ಮಕ್ಕಳಿಗೆ ಪ್ರಮಾಣ ಕಡಿಮೆ ಸಾಕು, ನಮ್ಮ ಕಡೆ ಹಿತ್ತಲಲ್ಲಿ ಬಸಳೆ, ತೊಂಡೆ, ನುಗ್ಗೆ ಸೊಪ್ಪು ಸಿಗುತ್ತದೆ, ಎಲ್ಲವನ್ನೂ ಒಪ್ಪುತ್ತೇನೆ. ಹಾಗಿದ್ದರೂ 'ಆರೋಗ್ಯವೂ ಹೆಚ್ಚುತ್ತದೆ, ಖರ್ಚೂ ಅರ್ಧಕ್ಕೆ ಇಳಿಯುತ್ತದೆ' ಎಂದು ಮೊದಲ ಪುಟದಲ್ಲೇ ಬರೆದಿದ್ದೀಯಲ್ಲ, ಆ ಮಾತನ್ನು ದಯವಿಟ್ಟು ತೆಗೆದುಹಾಕು. ಇದ್ದ ಹಣದಲ್ಲೇ ಇನ್ನಷ್ಟು ಒಳ್ಳೆಯ ಊಟ ಎಂದು ಹೇಳು. ಅದನ್ನು ನೀನು ಮಾಡಿ ತೋರಿಸಬಲ್ಲೆ.

ಹೇಗೆ ಎಂದು ಕೇಳಿದರೆ, ಅಂಗಡಿಯಲ್ಲಿ ಕುಳಿತು ಕಂಡದ್ದನ್ನು ಹೇಳುತ್ತೇನೆ. ಹಣ ಸೋರುವುದು ಮಧ್ಯಾಹ್ನದ ಊಟದಲ್ಲಿ ಅಲ್ಲ, ಸಂಜೆ ನಾಲ್ಕು ಗಂಟೆಯ ಚಹಾದ ಜೊತೆಗೆ. ಅದೇ ಸಮೀಕ್ಷೆಯಲ್ಲೂ ಹಳ್ಳಿಯವರು ಧಾನ್ಯಕ್ಕಿಂತ ಹೆಚ್ಚು ಹಣವನ್ನು ಪಾನೀಯ ಮತ್ತು ಸಂಸ್ಕರಿಸಿದ ತಿಂಡಿಗಳಿಗೆ ಖರ್ಚು ಮಾಡುತ್ತಾರೆಂದು ಬಂದಿದೆ. ನಿನ್ನ ಪಟ್ಟಿಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರೂ ಇವೆ, ನಾಲ್ಕು ಗಂಟೆ ಇಲ್ಲ. ಅಲ್ಲಿಂದಲೇ ಶುರು ಮಾಡು. ಉಪ್ಪು ಹಾಕಿ ಬೇಯಿಸಿದ ಹಲಸಿನ ಬೀಜ, ಕಡಲೆ ಉಸಲಿ, ಬೇಯಿಸಿದ ಗೆಣಸು, ಅವಲಕ್ಕಿಗೆ ಬೆಲ್ಲ ಮತ್ತು ತೆಂಗಿನತುರಿ, ಬಾಳೆಹಣ್ಣು. ಮಕ್ಕಳ ಹೊಟ್ಟೆಯೂ ತುಂಬುತ್ತದೆ, ಬಿಸ್ಕತ್ತಿನ ಹಣದಲ್ಲಿ ಬೇಳೆ ಬರುತ್ತದೆ. ಆ ಹೆಂಗಸಿಗೆ ಬೇಕಾದದ್ದು ಇಷ್ಟೇ, ಅದನ್ನು ಆಕೆಗೆ ಪುಕ್ಕಟೆಯಾಗಿ ಕೊಡು.

ಇದನ್ನು ಬರೆಯುವಾಗ ನಿನ್ನ ಮಾದರಿ ವಾರ ನೆನಪಾಗಿ ಬೇಸರವಾಯಿತು. ಓಟ್ಸ್, ಬ್ರಾಕೊಲಿ, ಚಿಯಾ ಬೀಜ, ಬಾದಾಮಿ. ಪೆರ್ಲದಲ್ಲೋ ಮುಳ್ಳೇರಿಯದಲ್ಲೋ ಬ್ರಾಕೊಲಿ ಹುಡುಕಿಕೊಂಡು ಯಾರು ಹೋಗುತ್ತಾರೆ? ಕಾಲು ಕಿಲೋ ಬಾದಾಮಿಯ ಹಣಕ್ಕೆ ಒಂದು ಕಿಲೋ ಹುರುಳಿ ಬಂದು ಇನ್ನೂ ಚಿಲ್ಲರೆ ಉಳಿಯುತ್ತದೆ. ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ತಿಮರೆ ಚಟ್ನಿ, ಒಂದು ಪಲ್ಯ, ಮೀನು ತಿನ್ನುವವರಿಗೆ ಎರಡು ಬೂತಾಯಿ. ನಮ್ಮ ಊರಿನ ಊಟಕ್ಕೆ ಕೊರತೆಯಿಲ್ಲ. ಅದಕ್ಕೆ ಲೆಕ್ಕ ಬರೆದವರು ಮಾತ್ರ ಇಲ್ಲ. ಹೈದರಾಬಾದಿನ ಆ ಪೋಷಣೆ ಸಂಸ್ಥೆಯವರೇ 2017ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ 528 ಆಹಾರಗಳ ಪೋಷಕಾಂಶಗಳ ವಿವರ ಇದೆಯಲ್ಲ, ಅದನ್ನು ಹಿಡಿದು ನಮ್ಮ ಅಡುಗೆಗಳಿಗೆ ಲೆಕ್ಕ ಹಾಕು. ಪದಾರ್ಥ ತೂಗಿ, ಅಳತೆ ಬರೆದು, ಅಡುಗೆ ಮಾಡಿ ನೋಡಲು ಅಮ್ಮ ಸಿದ್ಧಳಿದ್ದಾಳೆ.

ಆದರೆ ಅಡುಗೆ ವಿಧಾನಕ್ಕೆ ಯಾರೂ ಹಣ ಕೊಡುವುದಿಲ್ಲ, ಅದು ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ಪೋಷಕಾಂಶ ಲೆಕ್ಕ ಹಾಕುವ ಆ್ಯಪನ್ನು ಹೈದರಾಬಾದಿನವರೇ 2019ರಲ್ಲಿ ಉಚಿತವಾಗಿ ಕೊಟ್ಟಿದ್ದಾರೆ. ನಿನ್ನಲ್ಲಿ ಮಾತ್ರ ಸಿಗಬಹುದಾದದ್ದು ಬೆಲೆ: ಇವತ್ತು, ಈ ಪೇಟೆಯಲ್ಲಿ, ಈ ಮನೆಯವರಿಗೆ ಬೀಳುವ ಬೆಲೆ. 2025ರ ಮಳೆಗಾಲದಲ್ಲಿ ತೆಂಗಿನೆಣ್ಣೆ ಕಿಲೋಗೆ 400 ರೂಪಾಯಿ ದಾಟಿದಾಗ ನನ್ನ ಎಷ್ಟೋ ಗಿರಾಕಿಗಳು ಬೇರೆ ಎಣ್ಣೆಗೆ ಹೋದರು. ಹಿಂದಿನ ವರ್ಷದ ದರ ನಂಬಿ ಹಾಕಿದ ಯಾವ ಪಟ್ಟಿಯೂ ಆ ತಿಂಗಳು ಉಳಿಯುತ್ತಿರಲಿಲ್ಲ. ಮೀನಿನ ಕಥೆ ನೋಡು. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ 52 ದಿನ ಟ್ರಾಲಿಂಗ್ ನಿಷೇಧ, ಅಂದರೆ ಯಂತ್ರದ ದೋಣಿಗಳು ಬಲೆ ಎಳೆದು ಮೀನು ಹಿಡಿಯುವಂತಿಲ್ಲ, ತಲಪಾಡಿಯ ಆಚೆ ಕರ್ನಾಟಕದಲ್ಲಿ ಜೂನ್, ಜುಲೈ ಎರಡು ತಿಂಗಳೂ ನಿಷೇಧ. ಈ ದಿನಗಳಲ್ಲಿ ಬೂತಾಯಿ, ಬಂಗುಡೆ ಬಡವರ ಮೀನಾಗಿ ಉಳಿಯುವುದಿಲ್ಲ, ಮೊಟ್ಟೆಗೂ ಹುರುಳಿಗೂ ತಿರುಗಬೇಕು. ಇನ್ನು ರೇಷನ್. ಹಳದಿ, ಗುಲಾಬಿ, ನೀಲಿ, ಬಿಳಿ ನಾಲ್ಕು ಕಾರ್ಡುಗಳು, ಒಂದೊಂದಕ್ಕೂ ಅಕ್ಕಿಯ ಪ್ರಮಾಣ, ಬೆಲೆ ಬೇರೆ. ಸರಕಾರದ ಮಾವೇಲಿ ಸ್ಟೋರಿನಲ್ಲಿ ಹೆಸರು, ಕಡಲೆ, ತೊಗರಿ, ಸಕ್ಕರೆ, ಎಣ್ಣೆ ಎಂದು 13 ಸಾಮಾನುಗಳಿಗೆ ಸಬ್ಸಿಡಿ ಇದೆ, ಸ್ಟಾಕು ಇದ್ದ ದಿನ ಮಾತ್ರ ಸಿಗುತ್ತದೆ. ಕಾರ್ಡಿನ ಬಣ್ಣ ಕೇಳದೆ ಈ ಜಿಲ್ಲೆಯ ಮನೆಗೆ ಬಜೆಟ್ ಹಾಕಲು ಸಾಧ್ಯವೇ ಇಲ್ಲ. ಇದೆಲ್ಲ ಕಷ್ಟದ ಕೆಲಸ, ದಿನದಿನವೂ ಮಾಡಬೇಕಾದದ್ದು. ಕಷ್ಟವಾದ್ದರಿಂದಲೇ ದೊಡ್ಡ ಕಂಪನಿಯವರು ಬದಿಯಡ್ಕಕ್ಕಾಗಿ ಅದನ್ನು ಮಾಡುವುದಿಲ್ಲ.

ಹಾಗಾದರೆ ಹಣ ಕೊಡುವವರು ಯಾರು? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದಲ್ಲಿ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹ, ಕೇರಳದಲ್ಲಿ ಶೇ. 25.5. ನಾಲ್ವರಲ್ಲಿ ಒಬ್ಬರು. ಇಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜನಿಗೆ ಸಕ್ಕರೆ ಕಾಯಿಲೆ, ಸೊಸೆಗೆ ರಕ್ತ ಕಡಿಮೆ, ಮೊಮ್ಮಗನಿಗೆ ಬೆಳೆಯುವ ವಯಸ್ಸು, ಅಡುಗೆಗೆ ಒಂದೇ ಒಲೆ. ಮಗ ದುಬಾಯಿಯಲ್ಲೋ ಮಂಗಳೂರಿನಲ್ಲೋ ದುಡಿಯುತ್ತಿರುತ್ತಾನೆ. ಮೂರು ಬಗೆ ಅಡುಗೆ ಮಾಡದೆ ಒಂದೇ ಅಡುಗೆಯಲ್ಲಿ ಮೂವರನ್ನೂ ಸುಧಾರಿಸುವುದು ಹೇಗೆಂದು ಹೇಳಿಕೊಟ್ಟರೆ ಆ ಮಗ 99 ಅಲ್ಲ, 199 ಕೂಡ ಕೊಡುತ್ತಾನೆ. ಆದರೆ ಇಲ್ಲಿ ಎಚ್ಚರ ಬೇಕು. ಪಥ್ಯದ ಪಟ್ಟಿಯನ್ನು ಓದಿಕೊಂಡ ಆಹಾರತಜ್ಞರು ನೋಡಿ ಒಪ್ಪಿರಬೇಕು, ಅವರ ಸಂಬಳ ನಿನ್ನ ಖರ್ಚಿನಲ್ಲಿ ಸೇರಬೇಕು. ಮಧುಮೇಹ ಗುಣವಾಗುತ್ತದೆ ಎಂಬ ಮಾತು ಜಾಹೀರಾತಿನಲ್ಲಿ ಎಲ್ಲಿಯೂ ಬರಬಾರದು, 1954ರ ಕಾನೂನೇ ಅಂಥ ಔಷಧ, ಚಿಕಿತ್ಸೆಗಳ ಜಾಹೀರಾತನ್ನು ನಿಷೇಧಿಸಿದೆ. ಜನರ ಕಾಯಿಲೆಯ ವಿವರ ನಿನ್ನ ಕೈಯಲ್ಲಿರುತ್ತದೆ, ಅದನ್ನು ಯಾರಿಗೂ ಮಾರಬಾರದು.

ಆಹಾರ ಕಂಪನಿಗಳ ಜಾಹೀರಾತು ಮತ್ತು ಅಂಗಡಿಗಳ ಕಮಿಷನ್ ಎಂದು ಎರಡನೇ ಆದಾಯ ಬರೆದಿದ್ದೀ. ಅದನ್ನು ಕಂಡು ಸಿಟ್ಟು ಬಂತು. ಅಕ್ಕಿ, ಸಕ್ಕರೆ, ಬೇಳೆಯಲ್ಲಿ ನಮಗೆ ಉಳಿಯುವುದು ತೀರಾ ಕಡಿಮೆ, ಅದರಿಂದ ನಿನಗೆ ಪಾಲು ಕೊಡಲು ಯಾವ ಅಂಗಡಿಯವನಿಗೂ ಆಗದು. ಲಾಭ ಇರುವುದು ಪ್ಯಾಕೆಟ್ ತಿಂಡಿಯಲ್ಲಿ. ಆ ದುಡ್ಡಿಗೆ ಕೈಯೊಡ್ಡಿದರೆ ಇಂದಲ್ಲ ನಾಳೆ ನಿನ್ನ ಪಟ್ಟಿಯೊಳಗೆ ಬಿಸ್ಕತ್ತು ನುಗ್ಗುತ್ತದೆ. ಆ ದಾರಿ ಬೇಡವೇ ಬೇಡ.

ಇನ್ನು ಚಂದಾದ ಲೆಕ್ಕ. 99 ರೂಪಾಯಿಯಲ್ಲಿ ಆ್ಯಪ್ ಸ್ಟೋರಿನ ಪಾಲನ್ನು ಶೇ. 15 ಎಂದು ಹಿಡಿದರೆ ನಿನ್ನ ಕೈಗೆ 84. ನಿನ್ನ ಊಟ, ಬಾಡಿಗೆ, ಸರ್ವರು, ಆಹಾರತಜ್ಞರ ಸಂಭಾವನೆ ಎಲ್ಲ ಸೇರಿ ತಿಂಗಳಿಗೆ 60,000 ಎಂದಿಟ್ಟುಕೊಂಡರೆ 715 ಮನೆಗಳು ಬೇಕು. ಬೆಂಗಳೂರಿಗೆ ಅದು ದೊಡ್ಡ ಸಂಖ್ಯೆಯಲ್ಲ ಎಂದು ನೀನು ಹೇಳಬಹುದು. ಆದರೆ ತಿಂಗಳಿಗೆ ನೂರರಲ್ಲಿ ಹತ್ತು ಮಂದಿ ಬಿಟ್ಟು ಹೋದರೆ ವರ್ಷದ ಕೊನೆಗೆ ಮೊದಲ ನೂರರಲ್ಲಿ ಉಳಿಯುವುದು 28. ಇದ್ದಲ್ಲೇ ಇರಬೇಕಾದರೂ ತಿಂಗಳಿಗೆ ಎಪ್ಪತ್ತು ಹೊಸ ಮನೆಗಳನ್ನು ಹುಡುಕುತ್ತಲೇ ಇರಬೇಕು. ಚಂದಾ ಹಣ ತಾನಾಗಿಯೇ ಕಡಿತವಾಗುವ 24 ಗಂಟೆ ಮೊದಲು ಗಿರಾಕಿಗೆ ಸಂದೇಶ ಹೋಗಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಸಂದೇಶ ಕಂಡಾಗಲೆಲ್ಲ ಮನೆಯವರು 'ಇದು ಬೇಕಾ?' ಎಂದು ಕೇಳುತ್ತಾರೆ. ನಿನ್ನ ಪಟ್ಟಿಯಿಂದ ಆ ತಿಂಗಳು ಎಷ್ಟು ಉಳಿಯಿತು ಎಂಬ ಲೆಕ್ಕ ಅದಕ್ಕೆ ಮೊದಲೇ ಅವರ ಕಣ್ಣಿಗೆ ಬಿದ್ದಿರಬೇಕು.

ಆದ್ದರಿಂದ ಈಗಲೇ ರಾಜೀನಾಮೆ ಕೊಡಬೇಡ. ಆ್ಯಪನ್ನೂ ಈಗ ಕಟ್ಟಬೇಡ. ಚೌತಿ ಕಳೆದ ಮೇಲೆ ಇಲ್ಲಿ ಇಪ್ಪತ್ತು, ಬೆಂಗಳೂರಿನಲ್ಲಿ ಇಪ್ಪತ್ತು ಮನೆ ಹಿಡಿ. ವಾಟ್ಸ್ಆ್ಯಪಿನಲ್ಲಿ ಕೈಯಿಂದಲೇ ಚೀಟಿ ಬರೆದು ಕಳುಹಿಸು, ವಾರದ ಸಂಬಳದವರಿಗೆ ವಾರದ್ದು, ದಿನಗೂಲಿಯವರಿಗೆ ದಿನದ್ದು. ಆ ದಿನಗೂಲಿ ಮನೆಗಳನ್ನು ಬಿಟ್ಟು ಉಳಿದವರಿಂದ ಮೊದಲ ದಿನವೇ ಹಣ ತೆಗೆದುಕೋ. ಸಂಬಂಧಿಕರನ್ನು ಸೇರಿಸಬೇಡ, ಅವರು ನಿನ್ನ ಮುಖ ನೋಡಿ ಕೊಡುತ್ತಾರೆ. ಬದಿಯಡ್ಕದ ಬೆಲೆಗಳನ್ನು ದಿನಾ ಬೆಳಿಗ್ಗೆ ನಾನೇ ಕಳುಹಿಸುತ್ತೇನೆ. ಕುಂಬಳೆಯ ಮೀನಿನ ದರ ಹೇಳುವವರೂ ಇದ್ದಾರೆ. ಮೂರು ತಿಂಗಳು ನಡೆಯಲಿ. ಕೇಳದೆಯೇ ಎರಡನೇ, ಮೂರನೇ ತಿಂಗಳ ಹಣ ಹಾಕಿದವರು ಅರ್ಧಕ್ಕಿಂತ ಹೆಚ್ಚಿದ್ದರೆ ನೀನು ಕೆಲಸ ಬಿಡುವುದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ, ಒಂದು ವರ್ಷದ ಮನೆ ಬಾಡಿಗೆಯನ್ನೂ ನಾನು ಕೊಡುತ್ತೇನೆ. ಅರ್ಧಕ್ಕಿಂತ ಕಡಿಮೆಯಾದರೆ, ಬಿಟ್ಟು ಹೋದವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಕಾರಣ ಕೇಳು, ಕೇಳಿ ತಿದ್ದಿಕೊಂಡು ಮತ್ತೆ ನೋಡು. ಸಂಬಳ ಬರುತ್ತಿರುವಾಗ ಅದು ಕಷ್ಟವಲ್ಲ.

ನಿನ್ನ ಜೊತೆ ಸೇರುವ ಗೆಳತಿಯ ಪಾಲು ಎಷ್ಟು, ಯಾರು ಯಾವ ಕೆಲಸ, ಒಬ್ಬರು ನಡುವೆ ಬಿಟ್ಟರೆ ಏನು ಎಂಬುದು ನೀನು ಕಳುಹಿಸಿದ್ದರಲ್ಲಿ ಒಂದು ಸಾಲೂ ಇಲ್ಲ. ಗಿರಾಕಿಗಳಿಂದ ಒಂದು ರೂಪಾಯಿ ತೆಗೆದುಕೊಳ್ಳುವ ಮೊದಲು ಇಬ್ಬರೂ ಕುಳಿತು ಅದನ್ನು ಬರೆದು ಸಹಿ ಹಾಕಿ, ನನಗೊಂದು ಪ್ರತಿ ಕಳುಹಿಸು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಅಪ್ಪ