ಚರಂಡಿಯಿಂದ ಎತ್ತಿದ ಹೂಳೂ ಘನತ್ಯಾಜ್ಯವೇ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮೇ ತಿಂಗಳ ಕೊನೆಯ ವಾರ ನಮ್ಮ ಕೇರಿಯ ಚರಂಡಿಯ ಹೂಳೆತ್ತಿ, ಅದನ್ನು ಚರಂಡಿಯ ಅಂಚಿನಲ್ಲಿಯೇ ಗುಡ್ಡೆ ಹಾಕಿ ಹೋದರು. ಹತ್ತಿರ ಹೋಗಿ ನೋಡಿದರೆ ಆ ಕಪ್ಪು ಕೆಸರಿನೊಳಗೆ ಶ್ಯಾಂಪೂ ಪಾಕೀಟು, ಗುಟ್ಕಾ ಚೀಟಿ, ನೈಲಾನ್ ಬಲೆಯ ತುಂಡು, ಖಾಲಿಯಾದ ಮಾತ್ರೆಯ ಪಟ್ಟಿ, ಕೊಳೆತ ತೆಂಗಿನ ಸಿಪ್ಪೆ ಎಲ್ಲವೂ ಇದ್ದವು. ಮರುದಿನ ಕಸದ ಗಾಡಿ ಬಂದಾಗ ಅದನ್ನೂ ಒಯ್ಯುವಂತೆ ಕೇಳಿದೆ. ಗಾಡಿಯ ಹುಡುಗ ತಾಳ್ಮೆಯಿಂದಲೇ, "ಅದು ಕಸ ಅಲ್ಲ ಅಕ್ಕೋರೇ, ಮಣ್ಣು. ಮನೆ ಕಸ ಇದ್ರೆ ಕೊಡಿ" ಎಂದ. ಹತ್ತು ದಿನ ಕಳೆಯುವಷ್ಟರಲ್ಲಿ ಮಳೆ ಹಿಡಿಯಿತು. ಒಂದೇ ರಾತ್ರಿಯಲ್ಲಿ ಗುಡ್ಡೆಯ ಅರ್ಧ ಭಾಗ ಕರಗಿ, ಎತ್ತಿದ ಚರಂಡಿಯನ್ನೇ ಮತ್ತೆ ಸೇರಿತು.

ಆ ಹುಡುಗನ ಮೇಲೆ ನನಗೆ ಕೋಪವಿಲ್ಲ, ಏಕೆಂದರೆ ಅವನಿಗೆ ಯಾರೂ ಬೇರೆ ರೀತಿ ಹೇಳಿಕೊಟ್ಟಿಲ್ಲ. ಆದರೆ ಅವನ ಮಾತು ಕಾನೂನಿಗೆ ಸರಿಹೊಂದುವುದಿಲ್ಲ. ಕೇಂದ್ರ ಸರ್ಕಾರದ 2000ನೇ ಇಸವಿಯ ಪುರಸಭಾ ಘನತ್ಯಾಜ್ಯ ನಿಯಮಗಳು ಆ ತ್ಯಾಜ್ಯವನ್ನು ಒಂದೇ ವಾಕ್ಯದಲ್ಲಿ ವಿವರಿಸಿದ್ದವು: ಪುರಸಭೆಯ ಅಥವಾ ಅಧಿಸೂಚಿತ ಪ್ರದೇಶದ ವಸತಿ ಮತ್ತು ವಾಣಿಜ್ಯ ಮೂಲದ ಘನ ಅಥವಾ ಅರೆಘನ ತ್ಯಾಜ್ಯ, ಸಂಸ್ಕರಿಸಿದ ವೈದ್ಯಕೀಯ ತ್ಯಾಜ್ಯವೂ ಸೇರಿದಂತೆ, ಕೈಗಾರಿಕೆಯ ಅಪಾಯಕಾರಿ ತ್ಯಾಜ್ಯವನ್ನು ಹೊರತುಪಡಿಸಿ. ಈ ವಿವರಣೆಯಲ್ಲಿ ಚರಂಡಿಯ ಹೆಸರೇ ಇರಲಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಈ ಕೊರತೆಯನ್ನು ತುಂಬಿದವು. ಮನೆ, ಅಂಗಡಿ, ಸಂಸ್ಥೆ, ಹೋಟೆಲು, ಮಾರುಕಟ್ಟೆಗಳ ತ್ಯಾಜ್ಯದ ಜೊತೆಗೆ ಬೀದಿ ಗುಡಿಸಿದ ಕಸ, ತೆರೆದ ಚರಂಡಿಯಿಂದ ತೆಗೆದ ಹೂಳು, ತೋಟದ ಕಸ, ಕೃಷಿ ಮತ್ತು ಹೈನುಗಾರಿಕೆಯ ತ್ಯಾಜ್ಯ ಇವೆಲ್ಲವನ್ನೂ ಹೆಸರಿಸಿಯೇ ಸೇರಿಸಿದವು. ಕೈಗಾರಿಕಾ ತ್ಯಾಜ್ಯ, ಸಂಸ್ಕರಿಸದ ವೈದ್ಯಕೀಯ ತ್ಯಾಜ್ಯ, ಇ-ತ್ಯಾಜ್ಯ, ಬ್ಯಾಟರಿ ಮತ್ತು ವಿಕಿರಣಶೀಲ ತ್ಯಾಜ್ಯಗಳನ್ನು ಹೊರಗಿಟ್ಟವು.

ಅಷ್ಟೇ ಅಲ್ಲ, ಬೀದಿಯ ಕಸವನ್ನೂ ಹೂಳನ್ನೂ ನೇರವಾಗಿ ವಾಹನಕ್ಕೆ ತುಂಬಲು ಅನುಕೂಲವಿಲ್ಲದ ಕಡೆ ತಾತ್ಕಾಲಿಕವಾಗಿ ಇಡಲು ಮುಚ್ಚಿಗೆಯಿರುವ ಸ್ಥಳವನ್ನು ಸ್ಥಳೀಯ ಸಂಸ್ಥೆ ಮಾಡಿಕೊಳ್ಳಬೇಕು ಮತ್ತು ಅಲ್ಲಿಂದ ನಿಯಮಿತವಾಗಿ ವಿಲೇವಾರಿ ಮಾಡಬೇಕು ಎಂದೂ ಅದೇ ನಿಯಮಗಳು ಹೇಳಿದವು. ಮುಚ್ಚಿಗೆ ಎಂಬ ಆ ಒಂದು ಪದದ ಬೆಲೆ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಬೀಳುವ ನಮ್ಮ ಕರಾವಳಿಯವರಿಗೆ ಗೊತ್ತಾಗದೆ ಇರದು. ನಾಗರಿಕರೇ ಆಗಲಿ, ಯಾರೇ ಆಗಲಿ, ಕಸವನ್ನು ಚರಂಡಿಗೆ ಎಸೆಯಬಾರದೆಂಬ ನಿಯಮವಿದೆ. ಹೂಳು ಕಸವೆಂದಾದ ಮೇಲೆ ಅದನ್ನು ಚರಂಡಿಯ ಬಾಯಿಯಲ್ಲಿ ರಾಶಿ ಹಾಕುವುದಕ್ಕೂ ಚರಂಡಿಗೆ ಎಸೆಯುವುದಕ್ಕೂ ನನಗಂತೂ ವ್ಯತ್ಯಾಸ ಕಾಣುವುದಿಲ್ಲ.

ಎಲ್ಲ ಮಣ್ಣೂ ಘನತ್ಯಾಜ್ಯವಲ್ಲ ಎಂಬುದೂ ನಿಜ. ಗೋಡೆ ಒಡೆದ ಚಿರೆಕಲ್ಲು, ಗಾರೆ, ಹೆಂಚಿನ ಚೂರುಗಳಿಗೆ 2016ರಲ್ಲಿಯೇ ಪ್ರತ್ಯೇಕ ನಿಯಮಗಳು ಬಂದವು. ಆ ಚೂರುಗಳನ್ನು ಮನೆಯವರು ತಮ್ಮ ಆವರಣದಲ್ಲಿಯೇ ಬೇರೆಯಾಗಿ ಇಟ್ಟುಕೊಳ್ಳಬೇಕೆಂದು 2016ರ ನಿಯಮಗಳು ಹೇಳಿದವು. ನಮ್ಮ ಕೇರಿಯ ಗುಡ್ಡೆಗೆ ಎರಡನೆಯ ದಿನವೇ ಯಾರೋ ಒಂದು ಬುಟ್ಟಿ ಗಾರೆ ಸುರಿದಿದ್ದರು. ಹೀಗಾದರೆ ಗಾಡಿಯವರು ಹಿಂಜರಿಯುವುದರಲ್ಲಿ ತಪ್ಪೇನಿದೆ? ಈ ವಿಷಯದಲ್ಲಿ ನಾವು, ಕೇರಿಯವರೂ ಹೊಣೆಗಾರರು.

2016ರ ನಿಯಮಗಳ ಶೀರ್ಷಿಕೆಯಿಂದ ಪುರಸಭೆ ಎಂಬ ಪದವೇ ಬಿದ್ದುಹೋದದ್ದು ನಮ್ಮ ಜಿಲ್ಲೆಗೆ ಮುಖ್ಯ. ಬಂದರು, ರೈಲ್ವೆ, ರಕ್ಷಣಾ ನೆಲೆಗಳು, ರಾಜ್ಯ ಸರ್ಕಾರ ಅಧಿಸೂಚಿಸುವ ಯಾತ್ರಾಸ್ಥಳಗಳು ಸಹ ಅವುಗಳ ವ್ಯಾಪ್ತಿಗೆ ಬಂದವು. ಕಾರವಾರದಿಂದ ಭಟ್ಕಳದವರೆಗಿನ ದಂಡೆಯಲ್ಲಿ ಈ ನಾಲ್ಕೂ ಇವೆ, ಎಲ್ಲದರ ಚರಂಡಿಗಳೂ ಕೊನೆಗೆ ಹೋಗಿ ಸೇರುವುದು ಒಂದೇ ಕಡಲಿಗೆ. ಅಲ್ಲಿ ಬಲೆ ಎಳೆಯುವವರ ಕೈಗೆ ಮೀನಿನ ಜೊತೆ ಇದೇ ಪಾಕೀಟುಗಳು ಬರುತ್ತಿವೆ.

ನನ್ನ ಕೋರಿಕೆ ಎರಡೇ. ಮುಂದಿನ ಮಳೆಗಾಲಕ್ಕೆ ಮೊದಲು ಹೂಳೆತ್ತುವ ಗುತ್ತಿಗೆ ನೀಡುವಾಗ, ಎತ್ತಿದ್ದನ್ನು ಎಷ್ಟು ದಿನದೊಳಗೆ ಎಲ್ಲಿಗೆ ಸಾಗಿಸಬೇಕೆಂಬುದನ್ನೂ ಆದೇಶದಲ್ಲಿ ಬರೆದು, ಸಾಗಿಸಿದ ನಂತರವೇ ಬಿಲ್ಲು ಪಾವತಿಸಬೇಕು. ಯಾವುದು ಕಸ, ಯಾವುದು ಅಲ್ಲ ಎಂಬ ಪಟ್ಟಿಯನ್ನು ದೊಡ್ಡ ಅಕ್ಷರಗಳ ಕನ್ನಡದಲ್ಲಿ ಪ್ರತಿ ಕಸದ ಗಾಡಿಯ ಮೇಲೂ ಬರೆಸಿ, ಆ ಪಟ್ಟಿಯಲ್ಲಿ "ಚರಂಡಿ ಹೂಳು" ಎಂಬುದನ್ನು ಬಿಡದೆ ಸೇರಿಸಬೇಕು.

ಇಂತಿ,
ನಿವೃತ್ತ ಶಿಕ್ಷಕಿ, ಉತ್ತರ ಕನ್ನಡ