ಗೋದಲಿ ಇನ್ನೂ ಖಾಲಿ ಇದೆ

ಪ್ರೀತಿಯ ದೋಸ್ತ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ‘ಬೆಂಗಳೂರು ತುಂಬಾ ನಕ್ಷತ್ರ ತೂಗುಹಾಕಿದ್ದಾರಂತೆ, ನಿಮ್ಮ ಮನೆಯಲ್ಲಿ ಇನ್ನೂ ಏನೂ ಇಲ್ವಾ?’ ಅಂತ. ಆಗ ಬಸ್ಸಿನಲ್ಲಿ ನಿಂತಿದ್ದೆ, ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಜೊತೆಗೆ ನಿನಗೆ ಹೇಳಬೇಕಾದ ಇನ್ನೊಂದು ಮಾತಿತ್ತು. ಅದು ಫೋನಿನಲ್ಲಿ ಬಾಯಿಗೆ ಬರಲಿಲ್ಲ.

ನಮಗೆ ಇದು ಹಬ್ಬವಲ್ಲ, ಹಬ್ಬಕ್ಕೆ ಕಾಯುವ ಕಾಲ. ಆಗಮನ ಕಾಲ ಅನ್ನುತ್ತೇವೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ. ಈ ಸಲ ನವೆಂಬರ್ ಕೊನೆಯಲ್ಲಿ ಶುರುವಾಯಿತು. ಫಾದರ್ ನೇರಳೆ ಬಣ್ಣದ ಪೂಜಾವಸ್ತ್ರ ಹಾಕುತ್ತಾರೆ. ಮೂರನೆಯ ಭಾನುವಾರ ಮಾತ್ರ ಗುಲಾಬಿ. ಹತ್ತಿರ ಬಂತು, ಸ್ವಲ್ಪ ನಗಿ ಅನ್ನುವ ಹಾಗೆ. ಉಳಿದಂತೆ ಭಾನುವಾರದ ಬಲಿಪೂಜೆಯಲ್ಲಿ ‘ಮಹೋನ್ನತದಲ್ಲಿ ದೇವರಿಗೆ ಮಹಿಮೆ’ ಅಂತ ಹಾಡುತ್ತೇವಲ್ಲ, ಈ ನಾಲ್ಕು ವಾರ ಅದೂ ಇಲ್ಲ. ಯೇಸು ಹುಟ್ಟಿದ ರಾತ್ರಿ ದೇವದೂತರು ಕುರಿ ಕಾಯುವವರಿಗೆ ಕೇಳಿಸಿದ ಹಾಡು ಅದು. ಆ ರಾತ್ರಿ ಬರುವ ತನಕ ಬಾಯಿ ಮುಚ್ಚಿಕೊಂಡಿರಬೇಕು.

ಕೂಸು ಹುಟ್ಟುವ ಮುನ್ನ ಕುಲಾವಿ ಅಂತಾರಲ್ಲ, ಮಾಲ್‌ಗಳದ್ದು ಅದೇ ಕಥೆ. ದೀಪಾವಳಿ ಮುಗಿದ ಕೂಡಲೇ ಮರ ನಿಲ್ಲಿಸಿರುತ್ತಾರೆ. 25ನೇ ತಾರೀಖಿನ ಹೊತ್ತಿಗೆ ನೋಡಿ ನೋಡಿ ಸಾಕಾಗಿರುತ್ತದೆ. ಅವರನ್ನು ಬೈಯುವುದೂ ಸುಮ್ನೆ. ನಮ್ಮದೇ ಕೆರೊಲ್ ತಂಡ ಡಿಸೆಂಬರ್ ಮೊದಲ ವಾರಕ್ಕೇ ಗಿಟಾರು ಹಿಡಿದು ಮನೆ ಮನೆಗೆ ಹೊರಟಿತ್ತು. ಕಾಯುವುದು ಯಾರಿಗೂ ಬೇಡ.

1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ವಿಖರ್ನ್ ಎಂಬವರು ಬಡ ಮಕ್ಕಳಿಗಾಗಿ ಒಂದು ಆಶ್ರಯ ನಡೆಸುತ್ತಿದ್ದರು. ಹಬ್ಬ ಯಾವಾಗ, ಯಾವಾಗ ಅಂತ ಮಕ್ಕಳ ಕಾಟ. ಅವರು ಒಂದು ಗಾಡಿಯ ಗಾಲಿ ತಗೊಂಡು ಅದರ ಮೇಲೆ ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಮೇಣದಬತ್ತಿ, ಉಳಿದ ದಿನಗಳಿಗೆ ಸಣ್ಣ ಕೆಂಪು ಬತ್ತಿ ಇಟ್ಟರು. ದಿನಕ್ಕೊಂದು ಹಚ್ಚೋದು, ಎಣಿಸೋದು. ಈಗ ಚರ್ಚುಗಳಲ್ಲಿ ನಾಲ್ಕೇ ಬತ್ತಿ ಉಳಿದಿವೆ. ಗಾಲಿ ಹೋಗಿ ಹಸಿರೆಲೆಯ ಬಳೆ ಬಂದಿದೆ. ನಮ್ಮ ಚರ್ಚಿನಲ್ಲಿ ಈ ವರ್ಷ ಬ್ಯಾಟರಿ ಬತ್ತಿ ಇಟ್ಟಿದ್ದಾರೆ. ನನಗೆ ಇಷ್ಟವಾಗಲಿಲ್ಲ. ಕರಗದ ಬತ್ತಿಯಲ್ಲಿ ದಿನ ಸವೆದದ್ದು ಗೊತ್ತಾಗೋದು ಹೇಗೆ?

ನಮ್ಮ ಅಮ್ಮನದು ಬೇರೆ ಪದ್ಧತಿ. ಡಿಸೆಂಬರ್ ನಡುವೆ ಗೋದಲಿ, ಅಂದರೆ ಯೇಸು ಹುಟ್ಟಿದ ದೃಶ್ಯದ ಬೊಂಬೆಮನೆ, ಕಟ್ಟುತ್ತಿದ್ದರು. ಯೇಸುವಿನ ತಾಯಿ ಮರಿಯಮ್ಮ, ಆಕೆಯ ಗಂಡ ಜೋಸೆಫರು, ಕುರಿ, ಎತ್ತು, ಎಲ್ಲ ಇರುತ್ತಿತ್ತು. ಕೂಸು ಮಾತ್ರ ಇರುತ್ತಿರಲಿಲ್ಲ. ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಡುತ್ತಿದ್ದರು. 24ರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆಯೇ ಹೊರಗೆ. ಅಲ್ಲಿಯ ತನಕ ನಾವು ಮಕ್ಕಳು ಒಂದೊಂದು ಒಳ್ಳೆ ಕೆಲಸಕ್ಕೆ ಒಂದೊಂದು ಹುಲ್ಲುಕಡ್ಡಿ ಹಾಕಿ ಕೂಸು ಮಲಗುವ ಜಾಗ ಮೆತ್ತಗೆ ಮಾಡಬೇಕು. ನಾನು ಒಂದು ದಿನ ಒಂದು ಹಿಡಿ ಹುಲ್ಲು ಒಟ್ಟಿಗೇ ಹಾಕಿ ಸಿಕ್ಕಿಬಿದ್ದೆ. ಅಮ್ಮ ಬೈಯಲಿಲ್ಲ. ಕೂತು ಒಂದೊಂದೇ ಕಡ್ಡಿ ಎಣಿಸಿ ವಾಪಸ್ ತೆಗೆದರು.

ಆದರೆ ಗೋದಲಿ ಅಂದರೆ ಏನು ಅಂತ ನನಗೆ ತಿಳಿದದ್ದು ನಿಮ್ಮ ಮನೆಯಲ್ಲಿ. ನಮ್ಮ ಕಡೆ ಆ ಪದ ಚರ್ಚಿನೊಳಗೆ ಮಾತ್ರ ಉಳಿದಿದೆ. ಬೊಂಬೆ, ಬೆಟ್ಟ, ದೀಪದ ಸರ, ಎಲ್ಲ ಸೇರಿ ಗೋದಲಿ ಅಂದುಕೊಂಡಿದ್ದೆ. ಧಾರವಾಡದ ಹಾಸ್ಟೆಲಿನಿಂದ ಮೊದಲ ಸಲ ನಿಮ್ಮೂರಿಗೆ ಬಂದಾಗ ಅವ್ವ ನಿನಗೆ ‘ಗ್ವಾದಲ್ಯಾಗ ಕಣಿಕಿ ಹಾಕಿ ಬಾ’ ಅಂದರು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಗೋದಲಿ ಅಂದರೆ ದನ ಮೇಯುವ ತೊಟ್ಟಿ, ಕಣಿಕಿ ಅಂದರೆ ಅದಕ್ಕೆ ಹಾಕುವ ಜೋಳದ ಒಣ ಮೇವು! ಅಂಚೆಲ್ಲ ನೆಕ್ಕಿ ನೆಕ್ಕಿ ನುಣುಪಾಗಿತ್ತು, ಒಳಗೆ ಜೊಲ್ಲಿನ ವಾಸನೆ. ರಾತ್ರಿ ನನಗೆ ಪಡಸಾಲೆಯಲ್ಲಿ ಹಾಸಿದಿರಿ. ಅದೇ ಬಾಗಿಲಲ್ಲಿ ದನ ಒಳಗೆ ಬಂದು ಕೆಳಗಿನ ಅಂಕಣದಲ್ಲಿ ಮಲಗಿದವು. ತಲೆಯ ಹತ್ತಿರವೇ ಅವು ಮೆಲುಕು ಹಾಕುವ ಸದ್ದು. ಬೆಳಗಿನ ಜಾವದ ತನಕ ನಿದ್ದೆ ಬರಲಿಲ್ಲ, ಆದರೆ ಚಳಿಯೂ ಆಗಲಿಲ್ಲ.

ಚಿಕ್ಕವನಿದ್ದಾಗ ಕ್ರಿಸ್‌ಮಸ್ ನಾಟಕದಲ್ಲಿ ನನಗೆ ಪ್ರತಿ ವರ್ಷ ಮರಿಯಮ್ಮ, ಜೋಸೆಫರನ್ನು ವಾಪಸ್ ಕಳಿಸುವ ಛತ್ರದವನ ಪಾತ್ರ. ‘ಜಾಗ ಇಲ್ಲ, ಮುಂದೆ ಹೋಗಿ’, ಅಷ್ಟೇ ಮಾತು. ಆಮೇಲೆ ಬೈಬಲಿನಲ್ಲಿ ಈ ಕಥೆ ಇರುವ ಲೂಕನ ಸುವಾರ್ತೆ ನಿಧಾನಕ್ಕೆ ಓದಿದಾಗ ಗೊತ್ತಾಯಿತು, ಆ ಮನುಷ್ಯನೇ ಅಲ್ಲಿಲ್ಲ. ಕತ್ತೆಯೂ ಇಲ್ಲ, ಎತ್ತೂ ಇಲ್ಲ. ಛತ್ರ ಅಂತ ನಮ್ಮ ಬೈಬಲಿನಲ್ಲಿ ಇರುವ ಕಡೆ ಲೂಕ ಬರೆದ ಗ್ರೀಕ್ ಪದಕ್ಕೆ ಬಿಡಾರದ ಕೋಣೆ ಅಂತಲೂ ಅರ್ಥವಿದೆ. ಯೇಸು ಶಿಷ್ಯರ ಜೊತೆ ಕಡೆಯ ಊಟ ಮಾಡಿದ ಕೋಣೆಗೂ ಅವನು ಅದೇ ಪದ ಬಳಸುತ್ತಾನೆ. ಗಾಯಗೊಂಡ ದಾರಿಹೋಕನನ್ನು ಕಾಪಾಡಿದ ಸಮಾರ್ಯದವನ ಕಥೆಯಲ್ಲಿ ದುಡ್ಡು ಕೊಟ್ಟು ಇಳಿಯುವ ಛತ್ರ ಬರುತ್ತದೆ, ಅಲ್ಲಿ ಪದವೇ ಬೇರೆ.

ಆ ಕಾಲದ ಪಾಲೆಸ್ತೀನದ ಬಡವರ ಮನೆಗಳೂ ನಿಮ್ಮ ಮನೆಯ ಹಾಗೇ ಇದ್ದವಂತೆ. ಕೆಳಗೆ ದನ, ಒಂದು ಮೆಟ್ಟಿಲು ಮೇಲೆ ಜನ, ನಡುವೆ ಗೋದಲಿ. ಈಗ ಯೋಚನೆ ಮಾಡು. ಮರಿಯಮ್ಮನದು ಚೊಚ್ಚಲ ಹೆರಿಗೆ. ನಮ್ಮಲ್ಲಾದರೆ ತವರಿಗೆ ಕರೆದುಕೊಂಡು ಹೋಗುತ್ತಾರೆ. ಆಕೆ ಖಾನೇಷುಮಾರಿಗೆ, ಅಂದರೆ ಜನಗಣತಿಗೆ, ಹೆಸರು ಬರೆಸಲು ನಜರೇತಿನಿಂದ ನೂರು ಕಿಲೋಮೀಟರಿಗೂ ಜಾಸ್ತಿ ದೂರದ ಬೆತ್ಲೆಹೇಮಿಗೆ, ಗಂಡನ ಹಿರಿಯರ ಊರಿಗೆ ಹೊರಟಳು. ಅಲ್ಲಿದ್ದಾಗ ದಿನ ತುಂಬಿತು. ನಮ್ಮ ಮನೆತನದ ಹುಡುಗ, ಬಸುರಿ ಹೆಂಡತಿ ಜೊತೆ ಬಂದಿದ್ದಾನೆ ಅಂದರೆ ಯಾರಾದರೂ ಬಾಗಿಲು ಹಾಕುತ್ತಾರಾ? ಕೋಣೆ ಮೊದಲೇ ತುಂಬಿರಬೇಕು. ಇದ್ದ ಜಾಗದಲ್ಲೇ, ದನ ಜನ ಎಲ್ಲರ ನಡುವೆ, ಕೂಸನ್ನು ಬಟ್ಟೆ ಸುತ್ತಿ ಗೋದಲಿಯಲ್ಲಿ ಮಲಗಿಸಿರಬೇಕು. ಎಲ್ಲರೂ ಇದನ್ನು ಒಪ್ಪುವುದಿಲ್ಲ, ಬಿಡು. ನನಗೆ ನಿಜ ಅನ್ನಿಸುವುದಕ್ಕೆ ಕಾರಣ ನಿಮ್ಮ ಪಡಸಾಲೆ. ಅಂದಹಾಗೆ, ಹೀಬ್ರೂ ಭಾಷೆಯಲ್ಲಿ ಬೆತ್ಲೆಹೇಮ್ ಅಂದರೆ ರೊಟ್ಟಿಯ ಮನೆ. ಅವ್ವನಿಗೆ ಹೇಳು.

ಇನ್ನು ಆ ಮಾತು. ಕಳೆದ ವರ್ಷ ಅಪ್ಪನ ಕಣ್ಣಿನ ಪೊರೆ ತೆಗೆಸಲು ನೀವು ಬಂದಾಗ ಆಸ್ಪತ್ರೆ ಹತ್ತಿರ ಲಾಡ್ಜ್ ಮಾಡಿಕೊಟ್ಟೆ. ಒಂದೇ ಬೆಡ್‌ರೂಮಿನ ಮನೆ, ಮಗಳ ಪರೀಕ್ಷೆ ಬೇರೆ ಅಂದೆ. ಪರೀಕ್ಷೆ ಇದ್ದದ್ದು ಅದರ ಮುಂದಿನ ವಾರ. ಬಾಡಿಗೆ ನಾನೇ ಕೊಟ್ಟು ದೊಡ್ಡ ಉಪಕಾರ ಮಾಡಿದವನ ಹಾಗೆ ಮನೆಗೆ ಬಂದೆ. ಹೊರಡುವಾಗ ಅಪ್ಪ ನನ್ನ ಕೈ ಹಿಡಿದು ‘ಭಾಳ ಛಲೋ ಆತಪಾ’ ಅಂದರು. ನೀನೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಈ ಸಲ ನಮ್ಮ ಮನೆಯ ಖಾಲಿ ಗೋದಲಿ ಎದುರು ಕೂತಾಗೆಲ್ಲ ಆ ಲಾಡ್ಜಿನ ಮೆಟ್ಟಿಲು ನೆನಪಾಗುತ್ತಿದೆ. ತಪ್ಪಾಯಿತು ಕಣೋ.

ಇನ್ನೊಂದು ಕಣ್ಣಿಗೆ ಜನವರಿಯಲ್ಲಿ ಬರಬೇಕು ಅಂದೆಯಲ್ಲ. ನೇರ ಮನೆಗೇ ಬನ್ನಿ. ಬೆಡ್‌ರೂಮ್ ಅಪ್ಪನಿಗೆ, ನಾವೆಲ್ಲ ಹಾಲಿನಲ್ಲಿ ಸಾಲಾಗಿ ಮಲಗೋಣ. ಹೆಂಡತಿಗೂ ಹೇಳಿದ್ದೇನೆ. ಅವಳು ‘ಈಗ ನೆನಪಾಯ್ತಾ?’ ಅಂದಳು, ಅಷ್ಟೇ.

24ಕ್ಕೆ ನೀನೊಬ್ಬನೇ ಬರುವುದಾದರೆ ಇನ್ನೂ ಸಂತೋಷ. ಬರುವಾಗ ಒಂದು ಹಿಡಿ ಕಣಿಕೆ ತಗೊಂಡು ಬಾ. ಇಲ್ಲಿ ಅಂಗಡಿಯಲ್ಲಿ ಬಣ್ಣ ಹಾಕಿದ ಹುಲ್ಲು ಮಾರುತ್ತಾರೆ, ಮುಟ್ಟಿದರೆ ಕೈಯೆಲ್ಲ ಹಸಿರು.

ನಿನ್ನ,
ಹಾಸ್ಟೆಲಿನ ಗೆಳೆಯ