ಮಗಳಿಗೊಂದು ಪತ್ರ: ಎರಡನೆಯ ಪುಸ್ತಕದ ಅಪ್ಪ ಅಮ್ಮಂದಿರು

ಪ್ರೀತಿಯ ಮಗಳೇ,

ನೀನು ಬಿಟ್ಟುಹೋದ ‘ಸಿಟಿ ಆಫ್ ಆಶಸ್’, ನ್ಯೂಯಾರ್ಕಿನಲ್ಲಿ ದೆವ್ವಗಳನ್ನು ಬೇಟೆಯಾಡುವ ಹದಿಹರೆಯದವರ ಆ ಕಥಾಮಾಲೆಯ ಎರಡನೆಯ ಭಾಗ, ಓದಿ ಮುಗಿಸಿದೆ. ಮೊದಲನೆಯದಕ್ಕಿಂತ ಇದೇ ಮೇಲು ಎಂದು ವಾದಿಸಿದ್ದೆಯಲ್ಲ, ಒಪ್ಪುತ್ತೇನೆ. ಆದರೆ ನೀನು ಕೊಟ್ಟ ಕಾರಣಕ್ಕಲ್ಲ. ಒಬ್ಬರನ್ನೊಬ್ಬರು ಪ್ರೀತಿಸುವ ಜೇಸ್ ಮತ್ತು ಕ್ಲೇರಿಯ ಸಂಕಟ ನಿನ್ನನ್ನು ಅಳಿಸಿತಂತೆ. ನನಗೆ ಪುಟ ಹಾರಿಸುವ ಆಸೆ ಹುಟ್ಟಿಸಿದ್ದು ಅದೇ.

2007ರಲ್ಲಿ ಬಂದ ಮೊದಲ ಪುಸ್ತಕದ ಕೊನೆಯಲ್ಲಿ ಅವರಿಬ್ಬರೂ ತನ್ನ ಮಕ್ಕಳು, ಅಣ್ಣ ತಂಗಿ ಎಂದು ಖಳನಾಯಕ ವ್ಯಾಲೆಂಟೈನ್ ಹೇಳುತ್ತಾನೆ. ಮರುವರ್ಷ ಬಂದ ಈ ಭಾಗದುದ್ದಕ್ಕೂ ಲೇಖಕಿ ಕಸ್ಸಾಂಡ್ರಾ ಕ್ಲೇರ್ ಆ ಗಂಟನ್ನು ಬಿಚ್ಚುವುದೂ ಇಲ್ಲ, ಬಿಗಿಯುವುದೂ ಇಲ್ಲ. ಸುಳ್ಳನ್ನೇ ಮನೆದೇವರು ಮಾಡಿಕೊಂಡ ಖಳ ಹೇಳಿದ ಮಾತನ್ನು ಇಷ್ಟೊಂದು ಬುದ್ಧಿವಂತರು ಒರೆಗೆ ಹಚ್ಚದೆ ನಂಬುತ್ತಾರೆಂದರೆ, ಅದು ಪಾತ್ರಗಳ ಮುಗ್ಧತೆಯಲ್ಲ, ಮುಂದಿನ ಭಾಗಕ್ಕಾಗಿ ಲೇಖಕಿ ಮಾಡಿದ ಉಳಿತಾಯ. ಯಕ್ಷಲೋಕದ ರಾಣಿ ಎಲ್ಲರೆದುರು ಅವರಿಬ್ಬರಿಂದ ಮುತ್ತು ಕೊಡಿಸುವ ದೃಶ್ಯ ಮಾತ್ರ ಚೆನ್ನಾಗಿದೆ. ಅಲ್ಲಿರುವ ಕ್ರೌರ್ಯಕ್ಕೆ ಒಂದು ನಾಜೂಕಿದೆ.

ನನ್ನನ್ನು ಹಿಡಿದು ಕೂರಿಸಿದವನು ಕ್ಲೇರಿಯ ಗೆಳೆಯ ಸೈಮನ್. ಮೊದಲ ಭಾಗದಲ್ಲಿ ನಗಿಸಲೆಂದೇ ಇದ್ದ ಹುಡುಗ. ಇಲ್ಲಿ ಡುಮಾರ್ಟ್ ಹೋಟೆಲಿನ ರಕ್ತಪಿಶಾಚಿಗಳ ಕೈಗೆ ಸಿಕ್ಕು ಸಾಯುತ್ತಾನೆ. ಸ್ಮಶಾನದಲ್ಲಿ ಹೂತ ಮೇಲೆ ತನ್ನ ಕೈಯಿಂದಲೇ ಮಣ್ಣು ಬಗೆದು ಮೇಲೆ ಬರುತ್ತಾನೆ. ರಕ್ತದ ಹಸಿವು ಇಂಥ ಕಥೆಗಳಲ್ಲಿ ಹೊಸದೇನೂ ಅಲ್ಲ. ಆದರೆ ಯಹೂದಿ ಮನೆಯ ಈ ಹುಡುಗನ ನಾಲಿಗೆಗೆ ಇನ್ನು ದೇವರ ಹೆಸರು ಬರುವುದಿಲ್ಲ. ಮನೆಯಲ್ಲಿ ಅಮ್ಮ ಇದ್ದಾಳೆ, ಅವಳಿಗೆ ಏನೂ ಗೊತ್ತಿಲ್ಲ. ಹೇಗೆ ಹೇಳುವುದೆಂದು ಅವನೂ ಕ್ಲೇರಿಯೂ ತಾಲೀಮು ನಡೆಸುವುದು ಬೇರೆ ಯಾವುದಕ್ಕೋ ಬರೆದ ಕರಪತ್ರವನ್ನು ಮುಂದಿಟ್ಟುಕೊಂಡು! ನೀನು ಅಲ್ಲಿ ನಕ್ಕಿರುತ್ತೀಯ, ನಾನೂ ನಕ್ಕೆ. ಆಮೇಲೆ, ಆ ಅಮ್ಮನ ಜಾಗದಲ್ಲಿ ನಾನಿದ್ದಿದ್ದರೆ ಎಂದು ಯೋಚಿಸಿ ಪುಸ್ತಕವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟೆ.

ಹದಿಹರೆಯದವರ ಸಾಹಸಕಥೆಗೆ ಹೆತ್ತವರು ಅಡ್ಡಿ, ಗೊತ್ತು. ಅವರು ಎಚ್ಚರವಾಗಿದ್ದರೆ ರಾತ್ರಿ ನ್ಯೂಯಾರ್ಕಿನಲ್ಲಿ ಕತ್ತಿ ಹಿಡಿದು ಅಲೆಯಲು ಯಾರು ಬಿಡುತ್ತಾರೆ? ಅದಕ್ಕೇ ಕ್ಲೇರಿಯ ತಾಯಿ ಜೋಸಲಿನ್ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಳೆ. ಹತ್ತನೇ ವಯಸ್ಸಿನಿಂದ ಜೇಸ್‌ನನ್ನು ಸಾಕಿದ ಮರೀಸ್ ಮೊದಲಿಗೇ ಅವನನ್ನು ಹೊರಗೆ ಕಳಿಸುತ್ತಾಳೆ. ಅವನ ಒಳ್ಳೆಯದಕ್ಕಂತೆ, ಆದರೆ ಅದನ್ನು ಅವನಿಗೆ ಮಾತ್ರ ಹೇಳುವುದಿಲ್ಲ. ಈ ಹಿರಿಯರೆಲ್ಲರ ರೋಗ ಒಂದೇ, ಬಾಯಿ ಬಿಡದಿರುವುದು. ಜೋಸಲಿನ್ ಅಂತೂ ಮಗಳ ನೆನಪನ್ನೇ ಮಾಂತ್ರಿಕನಿಂದ ಮುಚ್ಚಿಸಿದವಳು. ರಕ್ಷಣೆಯ ಹೆಸರಿನಲ್ಲಿ ಮಾಡಿದ್ದನ್ನು ಲೇಖಕಿ ಅಷ್ಟು ಸಲೀಸಾಗಿ ಕ್ಷಮಿಸುವುದು ನನಗೆ ಸರಿಬರಲಿಲ್ಲ. ಅವಳ ಹಳೆಯ ಗೆಳೆಯ ಲ್ಯೂಕ್ ಒಬ್ಬನೇ ಕೇಳಿದ್ದಕ್ಕೆ ನೇರ ಉತ್ತರ ಕೊಡಲು ನೋಡುತ್ತಾನೆ. ತೋಳವಾಗಿ ಬದಲಾಗುವವನೇ ಅಲ್ಲಿರುವವರಲ್ಲಿ ಹೆಚ್ಚು ಮನುಷ್ಯ.

ನೀನು ಸುಮ್ಮನೆ ಬೈದ ಇನ್‌ಕ್ವಿಸಿಟರ್, ಅಂದರೆ ಆ ಬೇಟೆಗಾರರ ಪಂಗಡದ ವಿಚಾರಣಾಧಿಕಾರಿಣಿಯ ಬಗ್ಗೆ ಜಗಳವಾಡಬೇಕಿದೆ. ಜೇಸ್‌ನನ್ನು ಒತ್ತೆಯಿಟ್ಟರೆ ವ್ಯಾಲೆಂಟೈನ್ ತಾನು ಕದ್ದ ಮಾಂತ್ರಿಕ ವಸ್ತುಗಳನ್ನೆಲ್ಲ ಹಿಂತಿರುಗಿಸುತ್ತಾನೆಂದು ಲೆಕ್ಕ ಹಾಕುತ್ತಾಳಲ್ಲ, ಅದು ದಡ್ಡತನವಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ, ತನ್ನ ಮಗನನ್ನು ಬೇಕೆಂದೇ ಬಿಟ್ಟುಕೊಡುವ ತಂದೆ ಇರಬಲ್ಲ ಎಂಬುದು ಊಹೆಗೇ ನಿಲುಕುವುದಿಲ್ಲ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ನಿಜವೆನಿಸಿದ ಪಾತ್ರ ಅವಳದು. ಅವಳ ಸಾವಿಗೆ ಇಷ್ಟು ಕಡಿಮೆ ಜಾಗ ಕೊಟ್ಟದ್ದು ಅನ್ಯಾಯ.

ಈಸ್ಟ್ ನದಿಯ ಹಡಗಿನ ಕಾಳಗ ದಡಬಡ ಸಾಗುತ್ತದೆ. ಕ್ಲೇರಿ ಒಂದು ರೂನ್, ಅಂದರೆ ಮಂತ್ರಶಕ್ತಿಯ ಚಿಹ್ನೆ, ಬರೆದು ಹಡಗನ್ನೇ ಬಿಚ್ಚಿಹಾಕುವುದು ಕಣ್ಣಿಗೆ ಕಟ್ಟುವಂತಿದೆ, ನಿಜ. ಆದರೆ ಹೊಸ ಶಕ್ತಿಗಳು ಬೇಕಾದಾಗ ಬೇಕಾದಷ್ಟು ಒದಗಿದರೆ ಭಯ ಎಲ್ಲಿ ಉಳಿಯುತ್ತದೆ?

ಮುಂದಿನ ಸಲ ಬರುವಾಗ ಮೂರನೆಯದನ್ನು ತೆಗೆದುಕೊಂಡು ಬಾ. ಸೈಮನ್ ಅಮ್ಮನಿಗೆ ಹೇಳಿದನೇ ಇಲ್ಲವೇ ಎಂಬುದನ್ನು ಮಾತ್ರ ಫೋನಿನಲ್ಲಿ ಬಾಯಿ ತಪ್ಪಿಯೂ ಹೇಳಬೇಡ. ಜೇಸ್ ಯಾರ ಮಗ ಎಂಬುದನ್ನು ಬೇಕಾದರೆ ಈಗಲೇ ಹೇಳಿಬಿಡು.

ನಿನ್ನ
ಅಮ್ಮ